ಗುಣವಾಗದ ಕಾಯಿಲೆಗೆ ಪಂಕ್ತಿಯಲ್ಲಿ ಜಾಗ

ಪ್ರಶ್ನೆ: ನಮ್ಮ ಯಜಮಾನರು ನಿವೃತ್ತ ಶಿಕ್ಷಕರು. ನಾಲ್ಕು ವರ್ಷಗಳಿಂದ ಅವರಿಗೆ ಪಾರ್ಕಿನ್ಸನ್ ಕಾಯಿಲೆಯಿದೆ. ಮದುವೆಗಳಲ್ಲಿ ‘ಮೇಷ್ಟ್ರು ಮುಖ ಗಂಟಿಕ್ಕಿಕೊಂಡಿದ್ದಾರೆ’ ಎನ್ನುತ್ತಾರೆ. ಕೈನಡುಕ ಕಂಡು ಕುಡಿತವೆಂದು ಪಿಸುಗುಟ್ಟಿದವರೂ ಇದ್ದಾರೆ. ‘ಇನ್ನೂ ಗುಣವಾಗಲಿಲ್ಲವೇ’ ಎನ್ನುವವರಿಗೆ ಉತ್ತರಿಸಿ ಸಾಕಾಗಿ ಅವರೀಗ ಹೊರಗೇ ಹೊರಡುವುದಿಲ್ಲ. ಇದು ವೈದ್ಯರಿಗಷ್ಟೇ ಸೇರಿದ ವಿಷಯವೇ?
– ಓದುಗರೊಬ್ಬರು, ಬೇಲೂರು ತಾಲ್ಲೂಕು

ಉತ್ತರ: ಅಲ್ಲ. ಮಿದುಳಿನಲ್ಲಿ, ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಕ್ರಮೇಣ ನಶಿಸುವ ಈ ಕಾಯಿಲೆಯಲ್ಲಿ ಮುಖದ ಚಲನೆಯೂ ಕುಗ್ಗುವುದರಿಂದ, ಒಳಗೆ ಸಂತೋಷವಿದ್ದರೂ ಅದು ನಗುವಾಗಿ ಮೂಡುವುದಿಲ್ಲ. ಅದನ್ನು ಗರ್ವವೆಂದು ತಿಳಿಯುವುದು ಮಾತ್ರ ಸಮಾಜದ ಕೆಲಸ.

‘ಇನ್ನೂ ಗುಣವಾಗಲಿಲ್ಲವೇ’ ಎಂಬ ಮಾತಿನ ಹಿಂದೆ ಒಂದು ಕರಾರು ಅಡಗಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್ 1951ರಲ್ಲಿ ವಿವರಿಸಿದಂತೆ, ರೋಗಿಗೆ ಕೆಲಸಕಾರ್ಯಗಳಿಂದ ವಿನಾಯಿತಿ ಕೊಡುವ ಸಮಾಜವು, ಅವನು ವೈದ್ಯರ ನೆರವು ಪಡೆದು ಗುಣವಾಗಲು ಪ್ರಯತ್ನಿಸಬೇಕೆಂದು ನಿರೀಕ್ಷಿಸುತ್ತದೆ. ಜ್ವರಕ್ಕೆ ಸರಿಹೋಗುವ ಈ ಕರಾರು, ಮಾತ್ರೆಯಿಂದ ಹತೋಟಿಗೆ ಬಂದರೂ ವಾಸಿಯಾಗದ ಕಾಯಿಲೆಗೆ ಸರಿಹೋಗುವುದಿಲ್ಲ. ಸಂಧಿವಾತದ ರೋಗಿಗಳನ್ನು ಅಧ್ಯಯನ ಮಾಡಿದ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಮೈಕೆಲ್ ಬರಿ, ದೀರ್ಘ ಕಾಯಿಲೆಯು ಮನುಷ್ಯನ ಜೀವನಕಥೆಯನ್ನೇ ತುಂಡರಿಸುತ್ತದೆ ಎಂದು 1982ರಲ್ಲಿ ಬರೆದರು. ತರಗತಿಯಲ್ಲಿ ದನಿಯೆತ್ತಿ ಪಾಠ ಹೇಳಿದ ನಿಮ್ಮ ಯಜಮಾನರಿಗೆ ಈ ಮಾತು ಎಷ್ಟು ನಿಜವೆಂದು ನಿಮಗೇ ಗೊತ್ತು.

ನಮ್ಮ ಕಡೆಯ ಮದುವೆಯೂಟವನ್ನೇ ನೋಡಿ. ಪಂಕ್ತಿಯವರೆಲ್ಲ ಒಟ್ಟಿಗೆ ಏಳಬೇಕು; ಮುಂದಿನ ಪಂಕ್ತಿಯವರು ಬೆನ್ನ ಹಿಂದೆಯೇ ಕಾಯುತ್ತಿರುತ್ತಾರೆ. ನಿಧಾನವಾಗಿ ನುಂಗಬೇಕಾದವರು ಅರೆಹೊಟ್ಟೆಯಲ್ಲಿ ಎದ್ದುಬಿಡುತ್ತಾರೆ, ಮತ್ತೆಂದೂ ಬರುವುದಿಲ್ಲ. ಕೊನೆಯ ಪಂಕ್ತಿಯಲ್ಲಿ ಆಪ್ತರೊಬ್ಬರನ್ನು ಪಕ್ಕದಲ್ಲಿ ಕೂರಿಸಿ ಬಡಿಸುವುದು, ಲೋಟಕ್ಕೆ ಅರ್ಧ ಕಾಫಿ ಹಾಕಿ ಕೊಡುವುದು ಯಾವ ಮನೆಯವರಿಗೂ ಭಾರವಲ್ಲ. ಮುಹೂರ್ತಕ್ಕೇ ಹೋಗಬೇಕೆಂದಿಲ್ಲ, ಮಾತ್ರೆಯ ಪ್ರಭಾವ ಚೆನ್ನಾಗಿರುವ ಹೊತ್ತು ನೋಡಿ ಹೊರಡಿ. ಕಾಯಿಲೆಯ ಹೆಸರನ್ನು ನೀವೇ ಮೊದಲು ಹೇಳಿಬಿಟ್ಟರೆ ಪಿಸುಮಾತಿಗೆ ಎಡೆಯಿರುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಪಾರ್ಕಿನ್ಸನ್ ಕೂಡ ಇದೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಸಂಕೋಚ ಬೇಡ.

ನಿಮ್ಮ ಪತ್ರದಲ್ಲಿ ನಿಮ್ಮ ಬಗ್ಗೆ ಒಂದು ಸಾಲೂ ಇಲ್ಲದಿರುವುದು ನನ್ನನ್ನು ಕಾಡುತ್ತಿದೆ. ಆರೈಕೆಯೆಂದರೆ ಹೆಂಡತಿಯ ಪಾಲು ಎಂದು ಎಲ್ಲರೂ ಸುಮ್ಮನಿರುತ್ತಾರೆ. ‘ಹೇಗಿದ್ದಾರೆ’ ಎಂದು ವಿಚಾರಿಸುವ ಮೈದುನನನ್ನೋ ನಾದಿನಿಯನ್ನೋ ವಾರಕ್ಕೊಂದು ಮಧ್ಯಾಹ್ನ ಅವರ ಜೊತೆ ಕೂರಲು ಕರೆಯಿರಿ, ಆ ಹೊತ್ತು ನೀವು ಮಲಗಿ ನಿದ್ರಿಸಿ.