ಕಾನೂನು ಸಲಹೆ: ಹದಿನೈದರ ಹುಡುಗನಿಗೆ ಲಾಕಪ್ ಇಲ್ಲ

ಪ್ರಶ್ನೆ: ನನ್ನ ಮಗ ಒಂಬತ್ತನೇ ತರಗತಿ, 15 ವರ್ಷ. ಜಾತ್ರೆಯಲ್ಲಿ ಯಾರದೋ ಜೇಬಿನಿಂದ ಮೊಬೈಲ್ ಕದ್ದನೆಂದು ಪೊಲೀಸರು ಹಿಡಿದು, ರಾತ್ರಿಯಿಡೀ ಠಾಣೆಯಲ್ಲಿ ಕೂರಿಸಿ, ಹಾಳೆಯೊಂದಕ್ಕೆ ಸಹಿ ಹಾಕಿಸಿಕೊಂಡಿದ್ದಾರೆ. ಆಧಾರ್ ಪ್ರಕಾರ ಅವನಿಗೆ 18 ದಾಟಿದೆ, ಹಾಗಾಗಿ ಜೈಲೇ ಗತಿ ಎನ್ನುತ್ತಾರೆ. ಮುಂದೆ ಸರ್ಕಾರಿ ನೌಕರಿಯೂ ಸಿಗುವುದಿಲ್ಲವೇ?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಮೊದಲು ವಯಸ್ಸಿನ ವಿಷಯ ಇತ್ಯರ್ಥವಾಗಲಿ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಮಿನಂತೆ ವಯಸ್ಸಿಗೆ ಮೊದಲ ಆಧಾರ ಶಾಲೆ ಕೊಡುವ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅವು ಇಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದಾಗ ಮಾತ್ರ ಮೂಳೆ ಪರೀಕ್ಷೆ. ಆಧಾರ್ ಕಾರ್ಡಿಗೆ ಈ ಸಾಲಿನಲ್ಲಿ ಜಾಗವೇ ಇಲ್ಲ. ಅದು ಜನ್ಮದಿನಾಂಕಕ್ಕೆ ಪುರಾವೆಯಲ್ಲವೆಂದು ಸುಪ್ರೀಂ ಕೋರ್ಟ್ ಕೂಡ 2024ರಲ್ಲಿ ಹೇಳಿದೆ. ನಮ್ಮ ಹಳ್ಳಿಗಳ ಅರ್ಧ ಮಕ್ಕಳು ಮೇಷ್ಟ್ರ ಕೃಪೆಯಿಂದ ಜೂನ್ 1ರಂದೇ ಹುಟ್ಟಿದವರು ಎಂಬುದು ನಿಜವಾದರೂ, ಕಾನೂನು ಮೊದಲು ನೋಡುವುದು ಆ ಶಾಲಾ ದಾಖಲೆಯನ್ನೇ. ನಾಳೆ ಬೆಳಿಗ್ಗೆಯೇ ಮುಖ್ಯೋಪಾಧ್ಯಾಯರಿಂದ ಪ್ರಮಾಣಪತ್ರ ಪಡೆದುಕೊಳ್ಳಿ.

ಹದಿನೆಂಟು ತುಂಬದವನನ್ನು ಯಾವ ಕಾರಣಕ್ಕೂ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಹಿಡಿದ 24 ಗಂಟೆಗಳೊಳಗೆ, ಪ್ರಯಾಣದ ಸಮಯವನ್ನು ಬಿಟ್ಟು, ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರಿರುವ ಬಾಲನ್ಯಾಯ ಮಂಡಳಿಯ ಮುಂದೆ ಅವನನ್ನು ಹಾಜರುಪಡಿಸಬೇಕು. ಅವನಿಗೆ ಬೇಡಿ ಹಾಕುವಂತಿಲ್ಲ, ಯಾವುದೇ ಹೇಳಿಕೆಗೆ ಸಹಿ ಕೇಳುವಂತಿಲ್ಲ, ವಿಚಾರಿಸುವ ಅಧಿಕಾರಿ ಸಮವಸ್ತ್ರದಲ್ಲಿ ಇರುವಂತಿಲ್ಲ. ಆ ರಾತ್ರಿ ನಡೆದದ್ದನ್ನೂ ಸಹಿ ಹಾಕಿಸಿಕೊಂಡದ್ದನ್ನೂ ಮಂಡಳಿಗೆ ಬರಹದಲ್ಲಿ ಕೊಡಿ. ಬಾಯಿಮಾತು ಕಡತಕ್ಕೆ ಸೇರುವುದಿಲ್ಲ.

ಜೇಬಿನಿಂದ ಮೊಬೈಲ್ ಎಗರಿಸಿದ ಆರೋಪ ಗರಿಷ್ಠ ಮೂರು ವರ್ಷ ಶಿಕ್ಷೆಯ ಸಾಮಾನ್ಯ ಕಳ್ಳತನವಾದ್ದರಿಂದ ಬಾಲನ್ಯಾಯ ಕಾಯ್ದೆಯ ಭಾಷೆಯಲ್ಲಿ ಅದು ಸಣ್ಣ ಅಪರಾಧ. ಇಂಥದ್ದರಲ್ಲಿ ಎಫ್‌ಐಆರ್ ಕೂಡ ಹಾಕದೆ ಠಾಣಾ ದಿನಚರಿಯಲ್ಲಿ ಬರೆದುಕೊಳ್ಳುವುದೇ ನಿಯಮ. ವಯಸ್ಕರು ಜೊತೆಗಿದ್ದರೆ ಮಾತು ಬೇರೆ. ವಿಚಾರಣೆ ನಾಲ್ಕು ತಿಂಗಳಲ್ಲಿ, ಹೆಚ್ಚೆಂದರೆ ಆರು ತಿಂಗಳಲ್ಲಿ ಮುಗಿಯದಿದ್ದರೆ ಪ್ರಕರಣ ಅಲ್ಲಿಗೇ ಮುಕ್ತಾಯ. ಜಾಮೀನು ಇಲ್ಲಿ ನಿಯಮ, ನಿರಾಕರಣೆ ಅಪವಾದ. ಬಿಟ್ಟರೆ ಮಗು ಅಪರಾಧಿಗಳ ಸಹವಾಸಕ್ಕೆ ಬೀಳುತ್ತದೆ, ಅದಕ್ಕೆ ಅಪಾಯವಿದೆ ಅಥವಾ ನ್ಯಾಯಕ್ಕೆ ಅಡ್ಡಿಯಾಗುತ್ತದೆ ಎಂದು ಕಂಡುಬಂದರೆ ಮಾತ್ರ ಮಂಡಳಿ ಕಾರಣ ಬರೆದು ನಿರಾಕರಿಸಬಹುದು. ವಕೀಲರಿಗೆ ಹಣವಿಲ್ಲವೆಂದು ಹಿಂಜರಿಯಬೇಡಿ. ಮಕ್ಕಳಿಗಾದರೆ ಆದಾಯ ಕೇಳದೆಯೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ನೌಕರಿಯ ಭಯವನ್ನಂತೂ ಬಿಡಿ. ತಪ್ಪು ರುಜುವಾತಾದರೂ ಈ ವಯಸ್ಸಿನ ಮಗುವಿಗೆ ಅದು ಅನರ್ಹತೆಯಾಗದೆಂದು 24ನೇ ಕಲಮು ಹೇಳುತ್ತದೆ. ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರಾದರೂ ಅವನ ಹೆಸರು, ಫೋಟೊ ಹರಿಬಿಟ್ಟರೆ ಅದೂ ಅಪರಾಧವೇ: ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಪ್ರಶ್ನೆ: ಬಸ್‌ನಿಲ್ದಾಣದಲ್ಲಿ ಅಳುತ್ತಿದ್ದ ಎಂಟರ ಹುಡುಗನನ್ನು ನಮ್ಮ ಹೋಟೆಲಿಗೆ ಕರೆತಂದಿದ್ದೇವೆ. ಹೆತ್ತವರು ಸಿಗುವವರೆಗೆ ಇಲ್ಲೇ ಲೋಟ ತೊಳೆದುಕೊಂಡು ಇರಲಿ ಎಂದಿದ್ದೇನೆ. ತಪ್ಪೇ?
– ಓದುಗ, ಗದಗ

ಉತ್ತರ: ಊಟ ಹಾಕಿದ್ದು ಸರಿ, ಲೋಟ ತೊಳೆಸುವುದು ತಪ್ಪು, 14 ತುಂಬದ ಮಗುವನ್ನು ಹೋಟೆಲ್ ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. ಕಳೆದುಹೋದ ಮಗು ಸಿಕ್ಕವರು 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿ 1098ಕ್ಕೋ ಹತ್ತಿರದ ಠಾಣೆಗೋ ತಿಳಿಸದಿದ್ದರೆ ಅದೂ ಶಿಕ್ಷಾರ್ಹ. ಈ ಹುಡುಗ ಹೋಗಬೇಕಾದದ್ದು ಮೇಲೆ ಹೇಳಿದ ಮಂಡಳಿಗಲ್ಲ, ಮಕ್ಕಳ ಕಲ್ಯಾಣ ಸಮಿತಿಗೆ. ಅವನನ್ನು ಮನೆಗೆ ಕಳುಹಿಸಬೇಕೋ ಬಾಲಮಂದಿರದಲ್ಲಿ ಇರಿಸಬೇಕೋ ಎಂದು ತೀರ್ಮಾನಿಸುವುದು ಆ ಸಮಿತಿ. ಈ ಉತ್ತರ ಓದಿದ ಕೂಡಲೇ ಫೋನ್ ಮಾಡಿ.