ರೀಲ್ ಕ್ಯಾಮೆರಾದ 100–200–400 ಕಡ್ಡಿ ಮತ್ತು ಮಲೆನಾಡಿನ ಬೆಳಕು

ನೀವು ಕೇಳಿದ್ದು ಇಷ್ಟು: ಹೊಸನಗರದ ಅಜ್ಜನ ಮನೆಯಲ್ಲಿ ಹಳೇ ರೀಲ್ ಕ್ಯಾಮೆರಾ ಸಿಕ್ಕಿದೆ. ಲೆನ್ಸಿನ ಮೇಲೆ 38 ಎಂಎಂ ಅಂತ ಬರೆದಿದೆ, ಫೋಕಸ್ ತಿರುಗಿಸಲು ಏನೂ ಇಲ್ಲ, ಫ್ಲ್ಯಾಶ್ ಇದೆ, 100–200–400 ಎಂಬ ಸಣ್ಣ ಕಡ್ಡಿ ಇದೆ. ಮನೆಮಂದಿ, ತೋಟ, ಜೋಗ ಇಂಥ ಫೋಟೋಗೆ ಇದು ಸಾಕೋ, ಆಟೋಫೋಕಸ್ ಇರುವುದನ್ನು ಕೊಳ್ಳಬೇಕೋ?

ಸಾಕು, ಧಾರಾಳವಾಗಿ ಸಾಕು. ಆದರೆ ಆ ಕಡ್ಡಿ ಏನು ಮಾಡುತ್ತದೆ ಎಂದು ತಿಳಿದುಕೊಳ್ಳಿ. ಈ ಕ್ಯಾಮೆರಾದಲ್ಲಿ ಬೆಳಕಿನ ಮೇಲೆ ನಿಮಗಿರುವ ಹತೋಟಿ ಹೆಚ್ಚುಕಡಿಮೆ ಅದೊಂದೇ.

ಮೊದಲು ಫೋಕಸ್. ಇಂಥ ಕ್ಯಾಮೆರಾಗಳಲ್ಲಿ ಲೆನ್ಸನ್ನು ಕೆಲವು ಮೀಟರ್ ದೂರಕ್ಕೆ ಹೊಂದಿಸಿ ಕಾರ್ಖಾನೆಯಲ್ಲೇ ಬಿಗಿ ಮಾಡಿರುತ್ತಾರೆ. ಸುಮಾರು ಒಂದೂವರೆ ಮೀಟರಿನಿಂದ ಆಚೆಗೆ ಇರುವುದೆಲ್ಲ ಒಪ್ಪುವಷ್ಟು ಸ್ಪಷ್ಟವಾಗಿ ಬರುತ್ತದೆ. ಅದಕ್ಕಿಂತ ಹತ್ತಿರ ಹೋದರೆ ಮಸುಕು. ಇನ್ನೊಂದು ತೊಂದರೆ, ನೀವು ನೋಡುವ ಕಿಂಡಿ ಲೆನ್ಸಿಗಿಂತ ಮೇಲಿದೆ. ಹತ್ತಿರದಿಂದ ತೆಗೆದರೆ ಕಿಂಡಿಯಲ್ಲಿ ಪೂರ್ತಿ ಕಂಡ ತಲೆ ಪ್ರಿಂಟಿನಲ್ಲಿ ಕತ್ತರಿಸಿರುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು ತೆಗೆಯಿರಿ, ಎರಡೂ ಸರಿಹೋಗುತ್ತದೆ.

ಈಗ ಆ ಕಡ್ಡಿ. 100, 200, 400 ಎನ್ನುವುದು ರೀಲು ಬೆಳಕನ್ನು ಎಷ್ಟು ಚುರುಕಾಗಿ ಹಿಡಿಯುತ್ತದೆ ಎಂಬ ಅಳತೆ. ಸಂಖ್ಯೆ ದೊಡ್ಡದಾದಷ್ಟೂ ಕಡಿಮೆ ಬೆಳಕು ಸಾಕು. ಇಷ್ಟು ಸರಳವಾದ ಕ್ಯಾಮೆರಾದಲ್ಲಿ ಬೆಳಕಿಗೆ ತೆರೆದು ಮುಚ್ಚುವ ಶಟರಿನ ವೇಗ ಒಂದೇ, ಬದಲಾಗುವುದಿಲ್ಲ. ಕಡ್ಡಿ ಸರಿಸಿದಾಗ ಬದಲಾಗುವುದು ಬೆಳಕು ಒಳಗೆ ಬರುವ ತೂತು, ಅಂದರೆ ಅಪರ್ಚರ್. 400ಕ್ಕೆ ಇಟ್ಟರೆ ತೂತು ಕಿರಿದು, 100ಕ್ಕೆ ಇಟ್ಟರೆ ದೊಡ್ಡದು. ಕೈಪಿಡಿ ಹೇಳುವುದು ರೀಲಿನ ಡಬ್ಬಿಯ ಮೇಲಿರುವ ಸಂಖ್ಯೆಗೇ ಇಡಿ ಎಂದು. ದಾವಣಗೆರೆಯ ಬಿಸಿಲಿಗೆ ಅದು ಸರಿ. ನಮ್ಮಲ್ಲಿ ಆರಿದ್ರಾ ಮಳೆ ಹಿಡಿದ ಮೇಲೆ ಲೆಕ್ಕವೇ ಬೇರೆ. ದಟ್ಟ ಮೋಡ ಕವಿದ ದಿನ ಬಯಲಿನಲ್ಲೇ ಬೆಳಕು ಬಿಸಿಲಿನ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಡಿಕೆ ತೋಟದೊಳಗೆ, ಕಾನಿನೊಳಗೆ ಇನ್ನೂ ಕಡಿಮೆ. ನಮ್ಮ ಕಣ್ಣು ಹೊಂದಿಕೊಂಡುಬಿಡುವುದರಿಂದ ಅದು ಗೊತ್ತಾಗುವುದಿಲ್ಲ, ರೀಲಿಗೆ ಗೊತ್ತಾಗುತ್ತದೆ.

ಹಾಗಾಗಿ ನಾನು ಹೇಳುವುದು: ಮಲೆನಾಡಿನಲ್ಲಿ ವರ್ಷವಿಡೀ 400ರ ಕಲರ್ ರೀಲು ಹಾಕಿ. ಬಯಲಿನ ಬಿಸಿಲಿದ್ದರೆ ಕಡ್ಡಿ 400ಕ್ಕೆ. ತೋಟ, ಜಗಲಿ, ಮೋಡ ಎಂದರೆ ರೀಲು ಅದೇ ಇರಲಿ, ಕಡ್ಡಿ ಮಾತ್ರ 100ಕ್ಕೆ ಸರಿಸಿ. ಕಲರ್ ನೆಗೆಟಿವ್‌ಗೆ, ಅಂದರೆ ಈ ಕಲರ್ ರೀಲಿಗೆ, ಬೆಳಕು ಹೆಚ್ಚಾದರೆ ತಡೆದುಕೊಳ್ಳುವ ಶಕ್ತಿ ಚೆನ್ನಾಗಿದೆ. ಕಡಿಮೆಯಾದರೆ ಅದು ಸೋಲುತ್ತದೆ. ನೆರಳೆಲ್ಲ ಕೆಸರುಬಣ್ಣವಾಗಿ, ಕಾಳುಕಾಳಾಗಿ ಬರುತ್ತದೆ, ಆಮೇಲೆ ಸ್ಕ್ಯಾನ್‌ನಲ್ಲಿ ಎಷ್ಟು ತಿದ್ದಿದರೂ ಉಪಯೋಗವಿಲ್ಲ. ಅನುಮಾನ ಬಂದಾಗಲೆಲ್ಲ 100ರ ಕಡೆಗೇ ಸರಿಸಿ.

ಫ್ಲ್ಯಾಶ್ ಮುಟ್ಟುವುದು ಮೂರು ನಾಲ್ಕು ಮೀಟರ್ ಅಷ್ಟೆ. ಕೊನೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಅಂಗಳದಲ್ಲಿ ಕೂತು ಅಡಿಕೆ ಸುಲಿಯುತ್ತಾರಲ್ಲ, ಅದಕ್ಕೆ ಹೇಳಿ ಮಾಡಿಸಿದ್ದು. ಇಂಥ ಕ್ಯಾಮೆರಾದಲ್ಲಿ ನನಗೆ ಅತ್ಯಂತ ಇಷ್ಟವಾಗುವ ಫೋಟೋಗಳೂ ಅವೇ. ಸಕ್ರೆಬೈಲಿನಲ್ಲಿ ಹೊಳೆಯ ನಡುವೆ ನಿಂತ ಆನೆಗೆ ಅದು ತಲುಪುವುದಿಲ್ಲ. ಜೋಗದಲ್ಲಂತೂ ಹಾಕಲೇಬೇಡಿ. 253 ಮೀಟರ್ ಬೀಳುವ ನೀರಿಗೆ ಅದರ ಬೆಳಕು ಯಾವ ಲೆಕ್ಕ? ಲೆನ್ಸಿನ ಮುಂದೆ ತೇಲುವ ತುಂತುರಿಗೆ ಮಾತ್ರ ಬೆಳಕು ಬಡಿದು ಫೋಟೋ ತುಂಬ ಬಿಳಿ ಚುಕ್ಕೆ ಬರುತ್ತದೆ.

ರೀಲು ಕೊಳ್ಳುವ ಮೊದಲು ಕ್ಯಾಮೆರಾ ಪರೀಕ್ಷಿಸಿ. ಲೆನ್ಸಿನ ಮೇಲೆ ಓರೆಯಾಗಿ ಟಾರ್ಚ್ ಬಿಡಿ. ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು. ತುದಿಯಲ್ಲಿ ಸ್ವಲ್ಪ ಇದ್ದರೆ ಅಡ್ಡಿಯಿಲ್ಲ, ನಡುವೆ ಹರಡಿದ್ದರೆ ಫೋಟೋ ಮಂಕಾಗುತ್ತದೆ. ಹಿಂಬಾಗಿಲಿನ ಅಂಚಿನ ಕಪ್ಪು ಸ್ಪಂಜು ಅಂಟಂಟಾಗಿದ್ದರೆ ಬೆಳಕು ಸೋರುತ್ತದೆ, ಬದಲಾಯಿಸಿಕೊಳ್ಳಿ. ಸೆಲ್ ಸೋರಿ ಹಸಿರು ಕಟ್ಟಿದ್ದರೆ ಹತ್ತಿಗೆ ನಿಂಬೆರಸ ಸೋಕಿಸಿ ಒರೆಸಿ, ಆಮೇಲೆ ಒಣಗಿಸಿ. ಫ್ಲ್ಯಾಶ್ ಕೆಟ್ಟಿದ್ದರೆ ಮಾತ್ರ ನೀವೇ ಬಿಚ್ಚಬೇಡಿ. ಫ್ಲ್ಯಾಶಿಗೆ ವಿದ್ಯುತ್ ಕೂಡಿಡುವ ಒಳಗಿನ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಉಳಿದಿರಬಹುದು. ಚರ್ಮದ ಚೀಲದಲ್ಲಿ ಇಡುವುದನ್ನು ಇವತ್ತೇ ನಿಲ್ಲಿಸಿ, ನಮ್ಮ ಮಳೆಗಾಲಕ್ಕೆ ಅದು ಥಂಡಿ ಹೀರಿಕೊಂಡೇ ಇರುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಜೊತೆಗೆ ನೀಲಿ ಸಿಲಿಕಾ ಜೆಲ್. ಅದು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಮುಂದೆ ಬೇರೆ ಕೊಳ್ಳುವುದಾದರೆ ಆಟೋಫೋಕಸ್ ನೋಡಬೇಡಿ, ಲೆನ್ಸ್ ಎಷ್ಟು ಬೆಳಕು ಬಿಡುತ್ತದೆ ನೋಡಿ. 1967ರಿಂದ 1984ರವರೆಗೆ ಬಂದ ಒಲಿಂಪಸ್ ಟ್ರಿಪ್ 35 ಕ್ಯಾಮೆರಾದ್ದು ಎಫ್ 2.8 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ತೂತು ದೊಡ್ಡದು), ಬ್ಯಾಟರಿಯೂ ಬೇಡ. ಬೆಳಕು ಸಾಲದಿದ್ದರೆ ಕಿಂಡಿಯಲ್ಲಿ ಕೆಂಪು ಪಟ್ಟಿ ಎದ್ದು ಶಟರ್ ತಡೆಯುತ್ತದೆ. ಕಲಿಯುವವರಿಗೆ ಇಂಥ ಎಚ್ಚರಿಕೆ ಬಹಳ ಉಪಕಾರಿ. ಆದರೆ ಬೆಳಕು ಅಳೆಯುವ ಅದರ ಸೆಲೆನಿಯಂ ಮೀಟರ್ ವಯಸ್ಸಾಗಿ ಸತ್ತಿರಬಹುದು, ಕೈಯಲ್ಲಿ ಹಿಡಿದು ನೋಡದೆ ಹಣ ಕೊಡಬೇಡಿ.

ರೀಲು ಹಾಕಿ ಮುಂದೆ ತಳ್ಳುವಾಗ ಎಡಗಡೆಯ ಸುತ್ತುವ ಹಿಡಿಯೂ ತಿರುಗುತ್ತಿದೆಯೇ ಗಮನಿಸಿ. ತಿರುಗದಿದ್ದರೆ ರೀಲು ಕಚ್ಚಿಲ್ಲ, 36 ಕ್ಲಿಕ್ಕೂ ಖಾಲಿ. ಮುಗಿದ ಮೇಲೆ ತಳದ ಗುಂಡಿ ಒತ್ತಿ ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆಯೇ ಬಾಗಿಲು ತೆಗೆಯಿರಿ. ತೊಳೆಸಲು ನಾನು ಬೆಂಗಳೂರಿನ ಲ್ಯಾಬಿಗೆ ಕೊರಿಯರ್ ಮಾಡುತ್ತೇನೆ. ಅರ್ಧ ತೆಗೆದ ರೀಲನ್ನು ಮಳೆಗಾಲ ಪೂರ್ತಿ ಕ್ಯಾಮೆರಾದಲ್ಲೇ ಬಿಡಬೇಡಿ, ತೇವಕ್ಕೆ ಬಣ್ಣ ಕೆಡುತ್ತದೆ. ಕಳಿಸುವಾಗ ಸ್ಕ್ಯಾನ್ ಜೊತೆ ನೆಗೆಟಿವ್ ಕೂಡ ವಾಪಸ್ ಬೇಕು ಎಂದು ಚೀಟಿಯಲ್ಲಿ ಬರೆದಿಡಿ.