ಬೇಸ್ ಗಿಟಾರ್‌ನ ತಗ್ಗು ಸ್ವರಗಳಲ್ಲಿ ಆಕ್ಟೇವ್ ಪೆಡಲ್ ಏಕೆ ತಡವರಿಸುತ್ತದೆ?

ಮೈಸೂರಿನ ಆರ್ಕೆಸ್ಟ್ರಾ ಒಂದರಲ್ಲಿ ನೀವು ಬಳಸುತ್ತಿರುವ ಆಕ್ಟೇವ್ ಪೆಡಲ್ (ನುಡಿಸಿದ ಸ್ವರಕ್ಕೆ ಒಂದು ಸಪ್ತಕ ಕೆಳಗಿನ ಸ್ವರವನ್ನು ಸೇರಿಸುವ ಸಾಧನ) ತಗ್ಗು ಸ್ವರಗಳಲ್ಲಿ ತಡವರಿಸುತ್ತದೆ ಎಂದು ಕೇಳಿದ್ದೀರಿ; ಅದು ಬಹುಶಃ ಕೆಟ್ಟಿಲ್ಲ, ದಪ್ಪನೆಯ ಇ ತಂತಿಯ ಸ್ವರವೇ ಅದಕ್ಕೆ ತೀರ ತಗ್ಗಿನದು. ಪೆಡಲ್ ಮೊದಲು ಸ್ವರದ ಕಂಪನವನ್ನು ಗುರುತಿಸಿ, ಬಳಿಕ ಅದರ ಅರ್ಧದಷ್ಟು ಕಂಪನದ ಇನ್ನೊಂದು ಸ್ವರವನ್ನು ಹುಟ್ಟಿಸುತ್ತದೆ. ಬೆರಳೊತ್ತದೆ ಮೀಟಿದ ಇ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಮಾತ್ರ ಕಂಪಿಸುವುದರಿಂದ, ಅಂದರೆ ಒಂದೊಂದು ಕಂಪನಕ್ಕೂ ಸುಮಾರು 24 ಮಿಲಿಸೆಕೆಂಡ್ ಹಿಡಿಯುವುದರಿಂದ, ಗುರುತಿಸುವಿಕೆ ತಡವಾಗುತ್ತದೆ. ಜೊತೆಗೆ ಮೂಲಸ್ವರಕ್ಕಿಂತ ಉಪಸ್ವರಗಳೇ (ಅದರ ಜೊತೆಗೇ ಮೂಡುವ ಮೇಲಿನ ಸ್ವರಗಳು) ಜೋರಾದಾಗ ಪೆಡಲ್ ಎರಡರ ನಡುವೆ ಜಿಗಿದಾಡುತ್ತದೆ. ಸರಿಯಾಗಿ ಗುರುತಿಸಿದರೂ, ಹುಟ್ಟುವ, ಸೆಕೆಂಡಿಗೆ ಸುಮಾರು 20 ಕಂಪನಗಳ ನಾದ ಕಿವಿಯ ಕೆಳಮಿತಿಯ ಅಂಚಿನಲ್ಲಿರುತ್ತದೆ, ಸಾಮಾನ್ಯ ಸ್ಪೀಕರ್‌ಗೆ ಅದು ದಕ್ಕುವುದೂ ಇಲ್ಲ. ಆದ್ದರಿಂದ ಏಳನೆಯ ಫ್ರೆಟ್‌ನಿಂದ (ಗಿಟಾರ್‌ನ ಕತ್ತಿನ ಮೇಲಿನ ಅಡ್ಡಪಟ್ಟಿ) ಮೇಲಕ್ಕೆ, ಒಮ್ಮೆಗೆ ಒಂದೇ ಸ್ವರವನ್ನು ನುಡಿಸಿ. ಗಿಟಾರ್‌ನ ಟೋನ್ ತಗ್ಗಿಸಿ, ನಾದವನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್ ಇದ್ದರೆ ಅದಕ್ಕಿಂತ ಮೊದಲು ಆಕ್ಟೇವ್ ಪೆಡಲನ್ನು ಜೋಡಿಸಿ. ಹನ್ನೆರಡನೆಯ ಫ್ರೆಟ್‌ನ ಆಸುಪಾಸಿನಲ್ಲಿ ಇದರ ನಾದ ನಿಜಕ್ಕೂ ತುಂಬಿಕೊಂಡು ಬರುತ್ತದೆ.